ಅಥೆನ್ಸ್‌ನ ಗಾಳಿಯ ಗುಣಮಟ್ಟವನ್ನು ಋತುವಿಗೆ ತಕ್ಕಂತೆ ಅಂದಾಜಿಸುವ ಬಗೆ

ಮೊದಲು ನೆಲದ ರೂಪವನ್ನು ಗಮನಿಸಿ: ಐಗಲಿಯೊ, ಪಾರ್ನಿಥಾ, ಪೆಂಡೆಲಿ, ಹಿಮೆಟ್ಟಸ್ ಬೆಟ್ಟಗಳು ನಗರವನ್ನು ಸುತ್ತುವರಿದು, ನೈಋತ್ಯದ ಸರೋನಿಕ್ ಕೊಲ್ಲಿಯತ್ತ ಮಾತ್ರ ಬಯಲು ತೆರೆದಿರುವುದರಿಂದ, ಗಾಳಿ ನಿಂತ ದಿನ ಹೊಗೆ ಬಟ್ಟಲಿನ ನೀರಿನಂತೆ ಅಲ್ಲೇ ಉಳಿಯುತ್ತದೆ.

ಬೇಸಿಗೆಯಲ್ಲಿ ಉತ್ತರದ ಮೆಲ್ಟೆಮಿ ಗಾಳಿ ಮಾಲಿನ್ಯವನ್ನು ಚದುರಿಸುತ್ತದೆ. ಅದು ತಗ್ಗಿ ಕಡಲ ಗಾಳಿಯಷ್ಟೇ ಬೀಸುವಾಗ, ಬಿಸಿಲಿನಲ್ಲಿ ಹುಟ್ಟುವ, ಉಸಿರಾಟಕ್ಕೆ ಹಾನಿಕರವಾದ ಓಝೋನ್ ಅನಿಲ ಮಧ್ಯಾಹ್ನದ ಬಳಿಕ ಉತ್ತರದ ಉಪನಗರಗಳಲ್ಲಿ ಹೆಚ್ಚುವುದರಿಂದ, ವ್ಯಾಯಾಮವನ್ನು ಬೆಳಿಗ್ಗೆಯೇ ಮುಗಿಸಿ.

ಚಳಿಗಾಲವೇ ನನಗೆ ಹೆಚ್ಚು ಕಳವಳಕಾರಿಯೆನಿಸುತ್ತದೆ. ಗ್ರೀಸ್‌ನ ಆರ್ಥಿಕ ಬಿಕ್ಕಟ್ಟಿನ ವರ್ಷಗಳಲ್ಲಿ ಮನೆ ಬೆಚ್ಚಗಿಡುವ ತೈಲ ದುಬಾರಿಯಾದಾಗ ಅನೇಕ ಮನೆಗಳು ಸೌದೆಗೆ ಮರಳಿದವು. ನಿಶ್ಚಲ ರಾತ್ರಿಗಳಲ್ಲಿ ಮೇಲಿನ ಬೆಚ್ಚನೆಯ ಪದರ ಆ ಹೊಗೆಯನ್ನು ನೆಲದ ಬಳಿಯೇ ತಡೆಯುತ್ತದೆ. ಅಂಥ ಸಂಜೆ ಕಿಟಕಿ ಮುಚ್ಚಿ, ಮಧ್ಯಾಹ್ನ ತೆರೆಯಿರಿ.

ವಸಂತದಲ್ಲಿ ದಕ್ಷಿಣದ ಗಾಳಿಯ ಮುನ್ಸೂಚನೆಯಿದ್ದರೆ, 2024ರ ಏಪ್ರಿಲ್‌ನಲ್ಲಿ ಆಕಾಶವನ್ನೇ ಕಿತ್ತಳೆಯಾಗಿಸಿದ ಸಹಾರಾ ಧೂಳು ಮತ್ತೆ ಬರಬಹುದು; ಆಸ್ತಮಾ ಇರುವವರು ಆ ದಿನ ಮನೆಯೊಳಗೇ ಇರಬೇಕು.