ಯಾರು ಗಳಿಸಿದ ಅಂಕ ಯಾರ ಹೆಸರಿಗೆ: 1912ರ ಕಾರ್ಲೈಲ್ ಸೀಸನ್ ಬರೆದಿಟ್ಟ ಅನುಭವ

ನೂರು ವರ್ಷ ಹಳೆಯ ಅಮೆರಿಕನ್ ಫುಟ್‌ಬಾಲ್ ಸೀಸನ್ ಒಂದನ್ನು ಪಂದ್ಯ ಪಂದ್ಯವಾಗಿ ಬರೆದಿಡಬೇಕೆಂದರೆ ಮೊದಲು ಓದಬೇಕಾದ್ದು ಆ ವರ್ಷದ ನಿಯಮಗಳನ್ನು. ನಾನು ಕೈಗೆತ್ತಿಕೊಂಡದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಲ್ಲಿನ ಮೂಲನಿವಾಸಿಗಳ ಮಕ್ಕಳಿಗಾಗಿ ಇದ್ದ ಕಾರ್ಲೈಲ್ ಇಂಡಿಯನ್ ಸ್ಕೂಲ್ ತಂಡದ 1912ರ ಸೀಸನ್. ಕಾರ್ಲೈಲ್ ನಮ್ಮ ಮನೆಗೆ ಹತ್ತಿರದ ಊರು. ಆ ತಂಡದ ತಾರೆ ಜಿಮ್ ಥಾರ್ಪ್ ಹೆಸರು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವರ ಪಕ್ಕದಲ್ಲಿ ನಿಂತು ಆಡಿದವರು ಯಾರು ಎಂದು ಕೇಳಿದರೆ ಮಾತ್ರ ಹೇಳುವವರು ಸಿಗಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೂತೆ.

ಅಮೆರಿಕನ್ ಫುಟ್‌ಬಾಲ್ ಇಂದಿನ ರೂಪಕ್ಕೆ ಬಹುಮಟ್ಟಿಗೆ ಬಂದದ್ದು ಆ ವರ್ಷವೇ. ಟಚ್‌ಡೌನ್‌ಗೆ, ಅಂದರೆ ಚೆಂಡನ್ನು ಎದುರಾಳಿಯ ಗೋಲಿನ ಗೆರೆ ದಾಟಿಸಿದ್ದಕ್ಕೆ, ಐದರ ಬದಲು ಆರು ಅಂಕ ಬಂತು. ಹತ್ತು ಗಜ ಮುಂದೆ ಹೋಗಲು ಮೂರರ ಬದಲು ನಾಲ್ಕು ಅವಕಾಶ ಸಿಕ್ಕಿತು. ಮೈದಾನ 110 ಗಜದಿಂದ 100ಕ್ಕೆ ಇಳಿಯಿತು. ಚೆಂಡನ್ನು 20 ಗಜಕ್ಕಿಂತ ದೂರ ಎಸೆದು ಪಾಸ್ ಮಾಡಬಾರದೆಂಬ ಕಟ್ಟು ಹೋಯಿತು. ಇಷ್ಟು ತಲೆಯಲ್ಲಿದ್ದರೆ ಪ್ರತಿ ಸ್ಕೋರನ್ನೂ ಬಿಡಿಸಿ ನೋಡಬಹುದು. ಕ್ರಿಕೆಟ್ ಸ್ಕೋರ್ ಪುಸ್ತಕದಲ್ಲಿ ಬ್ಯಾಟ್ಸ್‌ಮನ್‌ಗಳ ರನ್ನಿಗೆ ಇತರೆ ರನ್ ಕೂಡಿಸಿ ಮೊತ್ತಕ್ಕೆ ತಾಳೆ ನೋಡುತ್ತೇವಲ್ಲ, ಇದೂ ಹಾಗೆಯೇ.

ಆಧಾರಕ್ಕೆ ಇದ್ದದ್ದು ಹಳೆಯ ದಿನಪತ್ರಿಕೆಗಳ ಸ್ಕ್ಯಾನ್ ಪ್ರತಿಗಳು. ಒಂದು ಪಂದ್ಯಕ್ಕೆ ಎರಡೂ ಊರಿನ ಪತ್ರಿಕೆ ನೋಡುವುದು ನಾನು ಹಾಕಿಕೊಂಡ ನಿಯಮ. ಸೋತ ಊರಿನ ವರದಿಗಾರ ಎದುರಾಳಿಯ ಓಟಗಳನ್ನು ಎಷ್ಟೋ ಸಲ ಹೆಚ್ಚು ವಿವರವಾಗಿ ಬರೆದಿರುತ್ತಾನೆ. ಹುಡುಕುವಾಗ ಶೀರ್ಷಿಕೆ ನಂಬಿ ಕೂರಬಾರದು. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಆಟಗಾರರ ಸ್ಥಾನ, ಟಚ್‌ಡೌನ್ ಮಾಡಿದವರ ಹೆಸರು ಇರುತ್ತವೆ. ನನಗೆ ಬೇಕಾದ ಚಿನ್ನ ಇದ್ದದ್ದು ಅಲ್ಲೇ. ಕಂಪ್ಯೂಟರ್ ಆ ಅಕ್ಷರಗಳನ್ನು ತಪ್ಪಾಗಿ ಓದುತ್ತದೆ. ಹಾಗಾಗಿ ಹೆಸರು ಹಾಕಿ ಹುಡುಕದೆ, ದಿನಾಂಕ ಹಿಡಿದು ಕ್ರೀಡಾ ಪುಟವನ್ನೇ ತೆರೆದು ಕಣ್ಣಾರೆ ಓದಿದೆ.

ನವೆಂಬರ್ 9ರಂದು ವೆಸ್ಟ್ ಪಾಯಿಂಟ್‌ನಲ್ಲಿ ಸೇನಾ ಅಕಾಡೆಮಿಯ ವಿರುದ್ಧ ಆಡಿದ ಪಂದ್ಯವನ್ನೇ ತೆಗೆದುಕೊಳ್ಳಿ. ಕಾರ್ಲೈಲ್ 27, ಆರ್ಮಿ 6. ಮುಂದೆ ಅಧ್ಯಕ್ಷರಾದ ಐಸೆನ್‌ಹೋವರ್ ಅಂದು ಆರ್ಮಿ ತಂಡದಲ್ಲಿದ್ದರು. ಹಾಗಾಗಿ ಈ ಪಂದ್ಯದ ಕಥೆ ಎಲ್ಲೆಡೆ ಸಿಗುತ್ತದೆ, ಎಲ್ಲ ಕಡೆಯೂ ಥಾರ್ಪ್ ಅವರೇ ನಾಯಕ. ಆದರೆ 27ನ್ನು ಬಿಡಿಸಿ: ನಾಲ್ಕು ಟಚ್‌ಡೌನ್‌ಗೆ 24, ಪ್ರತಿ ಟಚ್‌ಡೌನ್ ನಂತರ ಸಿಗುವ ಒಂದಂಕದ ಒದೆತಗಳಿಂದ 3. ಆ ನಾಲ್ಕರಲ್ಲಿ ಮೂರು ಅಲೆಕ್ಸ್ ಅರ್ಕಾಸಾ ಅವರದು, ಒಂದು ಜೋ ಬರ್ಗಿ ಅವರದು. ಥಾರ್ಪ್ ಅಂದು ಅದ್ಭುತವಾಗಿ ಓಡಿದ್ದು ನಿಜ. ಹಾಗೆಂದು ಅರ್ಕಾಸಾ ಹೆಸರು ಮರೆತುಹೋಗುವುದು ನ್ಯಾಯವಲ್ಲ. ಆ ಹೆಸರನ್ನು ನನ್ನ ಪಟ್ಟಿಯಲ್ಲಿ ಬರೆದಾಗ ಆದ ಸಂತೋಷ ದೊಡ್ಡದು.

ತಲೆಕೆಡಿಸಿದ್ದು ಟೊರಾಂಟೊ ಪಂದ್ಯದ ಸ್ಕೋರು, 49–1. ಅಮೆರಿಕದ ನಿಯಮದಲ್ಲಿ ಒಂದು ತಂಡದ ಒಟ್ಟು ಅಂಕ 1 ಆಗುವಂತೆಯೇ ಇರಲಿಲ್ಲ. ಮುದ್ರಣದೋಷವಲ್ಲ. ಎದುರಾಳಿಯ ಗೋಲಿನ ಜಾಗಕ್ಕೆ ಒದ್ದ ಚೆಂಡನ್ನು ಅವರು ಹೊರಗೆ ತರದಿದ್ದರೆ ಕೆನಡಾದ ಆಟದಲ್ಲಿ ಒಂದು ಅಂಕ ಸಿಗುತ್ತದೆ. ದಿನಾಂಕವನ್ನೂ ನೋಡಿ: ಅಕ್ಟೋಬರ್ 26, ಶನಿವಾರ ಜಾರ್ಜ್‌ಟೌನ್ ವಿರುದ್ಧ ಪಂದ್ಯ, ಸೋಮವಾರ 28ಕ್ಕೆ ಟೊರಾಂಟೊದಲ್ಲಿ! ಸೆಪ್ಟೆಂಬರ್ 21ರಿಂದ ಅಕ್ಟೋಬರ್ 2ರೊಳಗೆ ನಾಲ್ಕು ಪಂದ್ಯ ಮುಗಿಸಿದ್ದರು. ಒಟ್ಟು 14 ಪಂದ್ಯಗಳಲ್ಲಿ 12 ಗೆಲುವು, ವಾಷಿಂಗ್ಟನ್ ಅಂಡ್ ಜೆಫರ್ಸನ್ ಜೊತೆ 0–0 ಡ್ರಾ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಎದುರು 26–34ರ ಸೋಲು. ಎಲ್ಲ ಕೂಡಿದರೆ ಗಳಿಸಿದ್ದು 504, ಬಿಟ್ಟುಕೊಟ್ಟದ್ದು 114.

ಥಾರ್ಪ್ ಅವರ ಲೆಕ್ಕದಲ್ಲಿ ಎರಡು ಮಾತಿದೆ. ಹೆಚ್ಚಿನ ಕಡೆ 25 ಟಚ್‌ಡೌನ್, 198 ಅಂಕ ಎಂದಿದೆ; ಇನ್ನೊಂದು ಎಣಿಕೆಯಲ್ಲಿ 27 ಮತ್ತು 224. ಅವರು 191 ಬಾರಿ ಚೆಂಡು ಹಿಡಿದು 1,869 ಗಜ ಓಡಿದರೆಂಬ ಲೆಕ್ಕದಲ್ಲಿ ಎರಡು ಪಂದ್ಯಗಳು ಸೇರಿಯೇ ಇಲ್ಲ. ನಾನು ಯಾವುದನ್ನೂ ಅಳಿಸದೆ ಎರಡನ್ನೂ ಅಕ್ಕಪಕ್ಕ ಬರೆದಿದ್ದೇನೆ.

ಅಂಕಗಳ ಜೊತೆಗೆ ಶಾಲೆಯ ಕಥೆ ಬರೆಯದಿದ್ದರೆ ಈ ಪಟ್ಟಿಗೆ ಅರ್ಥವಿಲ್ಲ ಅನ್ನಿಸಿತು. ಇದು ಕಾಲೇಜಲ್ಲ, ಸೇನಾಧಿಕಾರಿ ರಿಚರ್ಡ್ ಪ್ರಾಟ್ 1879ರಲ್ಲಿ ಹಳೆಯ ಸೇನಾ ಬ್ಯಾರಕ್ಕುಗಳಲ್ಲಿ ತೆರೆದ ವಸತಿಶಾಲೆ. ಮೂಲನಿವಾಸಿಗಳ ಮಕ್ಕಳ ಕೂದಲು ಕತ್ತರಿಸಿ, ಅವರ ತಾಯ್ನುಡಿ ಬಿಡಿಸಿದ ಜಾಗ. ಅಲ್ಲೇ ಸತ್ತ ಮಕ್ಕಳ ಅಸ್ಥಿಗಳನ್ನು ಸೇನೆ 2017ರಿಂದ ಅವರ ಬಂಧುಗಳಿಗೆ ಒಪ್ಪಿಸುತ್ತಿದೆ. ಫುಟ್‌ಬಾಲಿನಿಂದ ಬಂದ ಹಣದ ಬಗ್ಗೆ, ಕೋಚ್ ಪಾಪ್ ವಾರ್ನರ್ ನಡವಳಿಕೆಯ ಬಗ್ಗೆ 1914ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ವಿಚಾರಣೆ ನಡೆಸಿತು. ಅದಕ್ಕಾಗಿ ವಿದ್ಯಾರ್ಥಿಗಳ ಸಹಿ ಸಂಗ್ರಹಿಸಿದ್ದು ಇದೇ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಮೈದಾನದಲ್ಲಿ ಆಟ ನಡೆಸುವ ಆಟಗಾರ, ಗಸ್ ವೆಲ್ಚ್. ಎಂಥ ಧೈರ್ಯ!

ಈಗ ಪ್ರತಿ ಆಟಗಾರನ ಹೆಸರಿನ ಮುಂದೆ ಅವರ ಬುಡಕಟ್ಟನ್ನು ಸೇರಿಸುತ್ತಿದ್ದೇನೆ. ಥಾರ್ಪ್ ಸ್ಯಾಕ್ ಅಂಡ್ ಫಾಕ್ಸ್, ವೆಲ್ಚ್ ಮತ್ತು ಜೋ ಗೈಯಾನ್ ಓಜಿಬ್ವೆ, ಅರ್ಕಾಸಾ ಕಾಲ್ವಿಲ್. ಡಿಕಿನ್ಸನ್ ಕಾಲೇಜಿನವರು ಈ ಶಾಲೆಯ ದಾಖಲೆಗಳನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮೀಸಲು ಆಟಗಾರರ ಹೆಸರು ಹುಡುಕುವ ಕೆಲಸ ಅಲ್ಲಿ ಮುಂದುವರಿದಿದೆ.