ಸಪ್ತಾಪುರದಲ್ಲಿ ಖಾನಾವಳಿ ಇಟ್ಟ ಲೆಕ್ಕ

ನಾನು ಮೊದಲು ಹಾಕಿಕೊಂಡ ಲೆಕ್ಕ ಅರ್ಧ ಹಾಳೆಯಲ್ಲಿ ಮುಗಿದಿತ್ತು. ಜೋಳಕ್ಕೆ ಇಷ್ಟು, ಎಣ್ಣೆಗೆ ಇಷ್ಟು, ಬಾಡಿಗೆ ಇಷ್ಟು. ಊಟಕ್ಕೆ 50 ರೂಪಾಯಿ. ದಿನಕ್ಕೆ ನೂರು ಊಟ ಹೋದರೆ 5,000. ತಿಂಗಳಿಗೆ ಲಕ್ಷದ ಮೇಲೆ! ಆ ಖುಷಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಧಾರವಾಡದ ಸಪ್ತಾಪುರ ನೋಡಿದವರಿಗೆ ನನ್ನ ಆಸೆ ಅರ್ಥವಾಗುತ್ತದೆ. ಓಣಿ ಓಣಿಗೂ ಕೋಚಿಂಗ್ ಸೆಂಟರ್, ಪಿಜಿ, ಝೆರಾಕ್ಸ್ ಅಂಗಡಿ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದವರು. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಹುಡುಗ ಹುಡುಗಿಯರು. ಇವರಿಗೆ ಅನ್ನ ಸಾರು ಎಷ್ಟು ಹಾಕಿದರೂ ಊಟ ಮಾಡಿದಂತೆ ಆಗುವುದಿಲ್ಲ. ರೊಟ್ಟಿ ಬೇಕು. ನನಗೆ ರೊಟ್ಟಿ ಬಡಿಯಲು ಬರುತ್ತದೆ. ಇನ್ನೇನು ಬೇಕು ಅಂದುಕೊಂಡಿದ್ದೆ.

ಸಿಡಾಕ್ ಅಂತ ಒಂದು ಸಂಸ್ಥೆ ಇದೆ. ಹೊಸದಾಗಿ ಉದ್ಯೋಗ ಶುರು ಮಾಡುವವರಿಗೆ ತರಬೇತಿ ಕೊಡುತ್ತಾರೆ. 1992ರಿಂದ ಧಾರವಾಡದಲ್ಲೇ ಇದೆ. ನಮ್ಮ ಮನೆಯವರು ಒತ್ತಾಯ ಮಾಡಿ ಕಳಿಸಿದರು. ಅಲ್ಲಿ ಪಾಠ ಮಾಡಿದ ಸರ್ ಒಬ್ಬರಿಗೆ ನನ್ನ ಹಾಳೆ ತೋರಿಸಿದೆ. ಅವರು ಓದಿ, ಪೆನ್ನು ಕೈಗೆ ತಗೊಂಡು ಕೇಳಿದರು: "ಅಕ್ಕಾರ, ಇದರಾಗ ನಿಮ್ಮ ಪಗಾರ ಎಲ್ಲಿ ಐತ್ರಿ?"

"ನಾ ಮನೀ ಮಂದಿ ಅಲ್ರೀ ಸರ, ನನಗೆಂಥಾ ಪಗಾರ?"

"ಹಂಗಾದ್ರ ಬೇರೆ ಖಾನಾವಳಿಗೆ ದುಡಿಯಾಕ ಹೋಗ್ರಿ. ಅವರು ಕೊಡ್ತಾರ."

ಸಿಟ್ಟು ಬಂತು. ಆದರೆ ಆ ಮಾತು ಮರೆಯಲಾಗಲಿಲ್ಲ.

ಮುಂದೆ ಅವರು ಹೇಳಿದ ಕೆಲಸ ಇನ್ನೂ ವಿಚಿತ್ರ. ಬಾಡಿಗೆಗೆ ಹಿಡಿಯಲು ನಾನು ನೋಡಿದ್ದ ಎರಡು ಅಂಗಡಿಗಳ ಎದುರು ಮೂರು ಮೂರು ದಿನ ಕೂತು ಮಂದಿ ಎಣಿಸಬೇಕು. ಮಧ್ಯಾಹ್ನ 12ರಿಂದ 3, ರಾತ್ರಿ ಏಳೂವರೆಯಿಂದ 10. ಒಂದು ಕಟ್ಟೆ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಪರಿಚಯದವರು ಸಿಕ್ಕಿ "ಯಾಕ ಇಲ್ಲಿ ಕುಂತಿ?" ಅಂದಾಗ ನಾಚಿಕೆಯಾಗುತ್ತಿತ್ತು. ನನಗೆ ಮನಸ್ಸಿದ್ದದ್ದು ದೊಡ್ಡ ರಸ್ತೆಯ ಅಂಗಡಿ, ಬಾಡಿಗೆ 20,000. ಅಲ್ಲಿ ಓಡಾಟ ಜೋರು, ನಿಜ. ಆದರೆ ಅವರೆಲ್ಲ ಬಸ್ ಹಿಡಿಯಲು ಓಡುವವರು. ಒಳಗಿನ ಓಣಿಯ ಅಂಗಡಿ 12,000. ಅಲ್ಲಿ ಮಂದಿ ಕಡಿಮೆ. ಬರುವವರು ಮಾತ್ರ ಓದುವ ಕೋಣೆಯಿಂದ ಹಸಿದು ಹೊರಗೆ ಬಂದು, "ಇವತ್ತು ಎಲ್ಲಿಗೆ ಹೋಗೂಣು?" ಅಂತ ನಿಂತು ಯೋಚಿಸುವವರು. ಒಳಗಿನ ಓಣಿಯನ್ನೇ ಹಿಡಿದೆ.

ಆಮೇಲೆ ಒಂದು ತಟ್ಟೆ ಊಟದ ಲೆಕ್ಕ. ಎರಡು ರೊಟ್ಟಿ, ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ. ಸಾಮಾನಿಗೆ 26 ರೂಪಾಯಿ, ಗ್ಯಾಸಿಗೆ 5. ಅಲ್ಲಿಗೆ 31. ಇದು ತಟ್ಟೆ ಹೋದರೆ ಮಾತ್ರ ಆಗುವ ಖರ್ಚು. ಇನ್ನೊಂದು ಖರ್ಚು ಒಬ್ಬರೂ ಬರದಿದ್ದರೂ ತಪ್ಪದು. ರೊಟ್ಟಿ ಬಡಿಯುವ ಇಬ್ಬರಿಗೆ 500ರಂತೆ, ಪಾತ್ರೆ ತಿಕ್ಕುವವರಿಗೆ 400, ತಿಂಗಳಿಗೆ 26 ದಿನ ಹಿಡಿದರೆ ಬಾಡಿಗೆ ದಿನಕ್ಕೆ 460, ಸಾಲದ ಕಂತು 235, ಕರೆಂಟು ನೀರಿಗೆ 200, ನನ್ನ ಪಗಾರ 500. ಒಟ್ಟು ಸುಮಾರು 2,800. ನೂರು ತಟ್ಟೆ ಹೋದರೂ ಒಂದೊಂದಕ್ಕೆ 59 ರೂಪಾಯಿ ಬೀಳುತ್ತದೆ. ನಾನು 50ಕ್ಕೆ ಕೊಡಲು ಹೊರಟಿದ್ದೆ!

ರೇಟು 70 ಮಾಡಿದೆವು. ಹಾಗಾದರೆ ದಿನಕ್ಕೆ 72 ತಟ್ಟೆ ಹೋಗಬೇಕು. 59 ಹೋದರೆ ನನ್ನ ಪಗಾರ ಇಲ್ಲ, ಅಷ್ಟೇ. ಅದಕ್ಕೂ ಇಳಿದರೆ ಕೈಯಿಂದ ಹಾಕಬೇಕು. ಈ ಎರಡು ಅಂಕಿಗಳನ್ನು ಅಡುಗೆಮನೆ ಗೋಡೆಯ ಮೇಲೆ ಬರೆದಿದ್ದೇನೆ. ದೇವರ ಫೋಟೋ ಪಕ್ಕದಲ್ಲೇ.

ಸಾಲದ ಕಥೆ ಬೇಗ ಹೇಳುತ್ತೇನೆ. ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಸಿಗುವ ಕೇಂದ್ರ ಸರ್ಕಾರದ ಪಿಎಂಇಜಿಪಿಯಲ್ಲಿ ಅರ್ಜಿ ಹಾಕಿದ್ದು, 4 ಲಕ್ಷದ ಯೋಜನೆ. ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಸಬ್ಸಿಡಿ 25%, ನಮ್ಮ ಕೈಯಿಂದ 5%. ತುಂಬಾ ಜನ ಸಬ್ಸಿಡಿ ಅಂದರೆ ಕೈಗೆ ದುಡ್ಡು ಬರುತ್ತದೆ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಬರುವುದಿಲ್ಲ. ಅದು 3 ವರ್ಷ ಬ್ಯಾಂಕಿನಲ್ಲೇ ಇರುತ್ತದೆ, ಅಂಗಡಿ ನಡೆದಿದ್ದರೆ ಆಮೇಲೆ ಸಾಲಕ್ಕೆ ಜಮೆ ಆಗುತ್ತದೆ. ಒಂದು ಬ್ಯಾಂಕಿನವರು "ಹೋಟೆಲ್‌ಗೆ ಕೊಡೋದು ಕಷ್ಟ" ಅಂತ ಮೂರು ಸಲ ತಿರುಗಿಸಿದರು. ಎರಡನೇ ಬ್ಯಾಂಕಿಗೆ ಹೋಗುವಾಗ ಸರ್ ಒಂದು ಉಪಾಯ ಹೇಳಿದರು. ಕಟ್ಟೆ ಮೇಲೆ ಕೂತು ಎಣಿಸಿದ ಆ ನೋಟ್‌ಬುಕ್ ಹಾಳೆಗಳನ್ನೂ ಅರ್ಜಿಗೆ ಲಗತ್ತಿಸಿ ಅಂದರು. ಮ್ಯಾನೇಜರ್ ಚೆಂದದ ಪ್ರಾಜೆಕ್ಟ್ ರಿಪೋರ್ಟನ್ನು ಹಾಗೇ ಮಗುಚಿ ಹಾಕಿ, ಆ ಹಾಳೆಗಳನ್ನೇ ಹತ್ತು ನಿಮಿಷ ನೋಡಿದರು.

ಲೈಸೆನ್ಸ್ ವಿಷಯದಲ್ಲೂ ಗುಣಾಕಾರವೇ ಕಾಪಾಡಿದ್ದು. ಕಾಗದಪತ್ರ ಮಾಡಿಸುವ ಏಜೆಂಟ್ ಒಬ್ಬ ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆಯ ನೋಂದಣಿ ಸಾಕು, 3,000 ಕೊಡಿ ಅಂದ. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಮಾತ್ರ ನೋಂದಣಿ, ಅದರ ಫೀ 100 ರೂಪಾಯಿ. 72 ತಟ್ಟೆ ಹೋದರೇ ನಮ್ಮದು 15 ಲಕ್ಷ ದಾಟುತ್ತದೆ. ಮೊದಲೇ ಲೈಸೆನ್ಸ್ ಮಾಡಿಸಿದೆ, ವರ್ಷಕ್ಕೆ 2,000. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗಂತೂ ಒಂದು ಪೈಸೆ ಇಲ್ಲ. ಅದಕ್ಕೂ ಆತ ರೇಟ್ ಹೇಳಿದ್ದ!

2023ರ ಜೂನ್‌ನಲ್ಲಿ ಬಾಗಿಲು ತೆರೆದೆವು. ಮೊದಲ ವಾರವೇ ಎಲ್ಲರ ಲೆಕ್ಕ ತಪ್ಪಿತು, ಸರ್ ಅವರದ್ದೂ ಸೇರಿ. ಊಟಕ್ಕೆ ಬರುವವರು ದಿನವಿಡೀ ಹಂಚಿಕೊಂಡು ಬರುವುದಿಲ್ಲವಲ್ಲ. ಒಂದರಿಂದ ಎರಡೂವರೆ ಒಳಗೆ ಎಲ್ಲರೂ ಒಮ್ಮೆಲೇ. ಒಬ್ಬರು ಗಂಟೆಗೆ 50 ರೊಟ್ಟಿ ಬಡಿದರೆ ಅದೇ ಹೆಚ್ಚು. ಹುಡುಗರು ತಟ್ಟೆ ಮುಂದೆ ಇಟ್ಟುಕೊಂಡು, ಬರೀ ಚಟ್ನಿ ನೆಕ್ಕುತ್ತಾ ಕೂರುವ ಹಾಗಾಯಿತು. ಸರ್ ಬಂದು ನೋಡಿ ರೊಟ್ಟಿ ಮಷೀನ್ ತಗೊಳ್ಳಿ ಅಂದರು. ಲಕ್ಷದ ಮೇಲಿನ ಮಾತು. ಹಿಂದೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆ, "ಕಡಕ್ ರೊಟ್ಟಿ ಇಲ್ಲೇನು?" ಅಂದರು. ಈಗ ತಟ್ಟೆಗೆ ಒಂದು ಬಿಸಿ ರೊಟ್ಟಿ, ಒಂದು ಕಡಕ್. ಕಡಕ್ ರೊಟ್ಟಿಯನ್ನು ಬೆಳಿಗ್ಗೆಯೇ ಬಡಿದು ಇಡುತ್ತೇವೆ. ಗುರೆಳ್ಳು ಚಟ್ನಿ, ಮೊಸರಿನ ಜೊತೆ ಅದನ್ನೇ ಕೇಳಿ ತಿನ್ನುವವರು ಬೇಕಾದಷ್ಟಿದ್ದಾರೆ.

ಉದ್ರಿ ಮಾತ್ರ ನನ್ನನ್ನು ತಿಂದುಬಿಡುತ್ತಿತ್ತು. ತಿಂಗಳ ದುಡ್ಡು ಮೊದಲೇ ತಗೊಂಡರೆ ಅದೂ ತೊಂದರೆ. ಪರೀಕ್ಷೆ ಮುಂದೆ ಹೋಯಿತು ಅಂತ ಊರಿಗೆ ಹೋದವರು ಉಳಿದ ದುಡ್ಡು ಕೇಳುತ್ತಾರೆ. ಕೊನೆಗೆ ಕೂಪನ್ ಮಾಡಿದೆ. 30 ಊಟಕ್ಕೆ 2,000, ಬೇಕಾದಾಗ ಹರಿದು ಕೊಡಬಹುದು. ಸರ್ ಹೇಳಿದಂತೆ ಮೂರು ತಿಂಗಳ ಗಡುವು ಹಾಕಿದ್ದೇನೆ. ಐದು ತಿಂಗಳ ಮೇಲೆ ಒಬ್ಬ ಏಳು ಕೂಪನ್ ಹಿಡಿದು ಬಂದ. ಊಟ ಹಾಕಿದೆ. ಸರ್‌ಗೆ ಹೇಳಿಲ್ಲ.

ಯಾರೂ ಎಚ್ಚರಿಸದ ಸಂಗತಿ ಅಂದರೆ, ನನ್ನ ವ್ಯಾಪಾರ ಬೆಂಗಳೂರಿನಲ್ಲಿ ನಡೆಯುವ ಪರೀಕ್ಷೆಯ ಮೇಲೆ ನಿಂತಿದೆ ಅನ್ನೋದು. 545 ಪಿಎಸ್‌ಐ ಹುದ್ದೆಗಳ ಮರುಪರೀಕ್ಷೆ 2024ರ ಜನವರಿಯಲ್ಲಿ ಮುಗಿಯಿತು. ಮರುವಾರವೇ ಅರ್ಧ ಓಣಿ ಖಾಲಿ. ದಿನಕ್ಕೆ 75 ತಟ್ಟೆಯ ಹತ್ತಿರ ಇದ್ದದ್ದು 50ಕ್ಕೆ ಇಳಿಯಿತು. ನನ್ನ ಪಗಾರ ಬಿಟ್ಟೂ ದಿನಕ್ಕೆ 350 ರೂಪಾಯಿ ಕೈಯಿಂದ. ಗೋಡೆಯ ಮೇಲೆ ಅಂಕಿ ಇರದಿದ್ದರೆ ಅದು ಗೊತ್ತಾಗುವಷ್ಟರಲ್ಲಿ ತಿಂಗಳು ಮುಗಿದಿರುತ್ತಿತ್ತು. ಗೊತ್ತಿದ್ದರಿಂದ ಮೂರನೇ ದಿನವೇ ಕಾಯಿಪಲ್ಯ ತರುವುದು ಕಡಿಮೆ ಮಾಡಿದೆ. ಕಡಕ್ ರೊಟ್ಟಿ ಪ್ಯಾಕೆಟ್ ಮಾಡಿ ಪಕ್ಕದ ಕಿರಾಣಿ ಅಂಗಡಿಗೆ ಕೊಡಲು ಶುರು ಮಾಡಿದೆ. ಬಡಿಯುವ ಅಕ್ಕಂದಿರನ್ನು ಬಿಡಿಸುವ ಪ್ರಸಂಗ ಬರಲಿಲ್ಲ.

ಈಗ ದಿನಕ್ಕೆ 90 ತಟ್ಟೆ. ಖುಷಿಯ ಸುದ್ದಿ ಅಲ್ವಾ? ಹೋದ ವಾರ ನಮ್ಮ ಟ್ಯಾಕ್ಸ್ ನೋಡುವವರು ಊಟಕ್ಕೆ ಬಂದು, ಕೂಪನ್ ಹಿಂದೆ ಲೆಕ್ಕ ಬರೆದು ತೋರಿಸಿದರು. ಇನ್ನೊಂದು ಎರಡು ಮೂರು ತಟ್ಟೆ ಹೆಚ್ಚಾದರೆ ವರ್ಷಕ್ಕೆ 20 ಲಕ್ಷ ದಾಟುತ್ತದೆ, ಆಮೇಲೆ ಜಿಎಸ್‌ಟಿ. 5% ಅಂದರೆ ತಟ್ಟೆಗೆ ಮೂರೂವರೆ ರೂಪಾಯಿ. ಅತ್ತೆ ಕೇಳಿಸಿಕೊಂಡು, "ಹಂಗಾದ್ರ ಎರಡು ತಟ್ಟಿ ಕಡಿಮಿ ಹಾಕು" ಅಂದರು. ಸರ್‌ಗೆ ಫೋನ್ ಮಾಡಬೇಕು. ಅದಕ್ಕೂ ಮೊದಲು ಸುತ್ತಲಿನ ಖಾನಾವಳಿಗಳಲ್ಲಿ ಊಟದ ರೇಟು 75 ಯಾರು ಯಾರು ಮಾಡಿದ್ದಾರೆ ಅಂತ ಒಮ್ಮೆ ನೋಡಿಕೊಂಡು ಬರಬೇಕು.