ಶಾಲಾ ಸಿಬ್ಬಂದಿಗೆ ಹಣದ ಹೊರತಾದ ಪ್ರೋತ್ಸಾಹ ನೀಡುವುದು ಹೇಗೆ?

ಮೆಚ್ಚುಗೆಯನ್ನು ಆದಷ್ಟೂ ಅದೇ ದಿನ, ಮಾಡಿದ ಕೆಲಸವನ್ನೇ ಹೆಸರಿಸಿ ತಿಳಿಸಬೇಕು. ‘ಚೆನ್ನಾಗಿ ಪಾಠ ಮಾಡುತ್ತೀರಿ’ ಎನ್ನುವುದಕ್ಕಿಂತ, ‘ಭಿನ್ನರಾಶಿ ಅರ್ಥವಾಗದ ಮಕ್ಕಳಿಗೆ ನೀವು ಕಾಗದ ಮಡಚಿ ತೋರಿಸಿದಿರಿ, ಆಮೇಲೆ ಹಿಂದಿನ ಬೆಂಚಿನವರೂ ಕೈ ಎತ್ತಿದರು’ ಎಂದರೆ, ತಮ್ಮ ಯಾವ ಕ್ರಮ ಫಲ ನೀಡಿತೆಂಬುದು ಶಿಕ್ಷಕರಿಗೆ ತಿಳಿಯುತ್ತದೆ. ಅದನ್ನು ಅವರು ಮತ್ತೆ ಬಳಸುತ್ತಾರೆ. ಗುಮಾಸ್ತರನ್ನೂ ಸ್ವಚ್ಛತಾ ಸಿಬ್ಬಂದಿಯನ್ನೂ ಈ ವಿಷಯದಲ್ಲಿ ಮರೆಯುವುದು ಅನ್ಯಾಯ.

ಅಮೆರಿಕದ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಹೋದ್ಯೋಗಿಗಳು 1959ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಸಂಬಳ ಹಾಗೂ ಕೆಲಸದ ಪರಿಸ್ಥಿತಿ ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ಆದರೆ ಹುರುಪು ಮೂಡುವುದು ಸಾಧನೆ, ಮನ್ನಣೆ, ಜವಾಬ್ದಾರಿಗಳಿಂದ. ಆದ್ದರಿಂದ ವೇತನವನ್ನು ಬಾಕಿ ಉಳಿಸಿಕೊಂಡು ಪ್ರಶಸ್ತಿಪತ್ರ ಹಂಚುವುದನ್ನು ನಾನು ಒಪ್ಪಲಾರೆ.

ಮನ್ನಣೆಗಿಂತಲೂ ಆಳವಾಗಿ ನಾಟುವುದು ನಿರ್ಧಾರದಲ್ಲಿ ಸಿಗುವ ಪಾಲು ಎಂಬುದು ನನ್ನ ನಂಬಿಕೆ. ವೇಳಾಪಟ್ಟಿಯನ್ನು ಅಂತಿಮಗೊಳಿಸುವ ಮೊದಲು ಅದರ ಕರಡನ್ನು ಸಿಬ್ಬಂದಿ ಕೊಠಡಿಯಲ್ಲಿ ಅಂಟಿಸಿ, ಪೆನ್ಸಿಲ್‌ನಿಂದ ತಿದ್ದಲು ಎರಡು ದಿನ ಬಿಟ್ಟು, ಒಪ್ಪಲಾಗದ ಸಲಹೆಗಳಿಗೆ ಕಾರಣವನ್ನು ಖುದ್ದಾಗಿ ವಿವರಿಸಿದರೆ, ಆ ವೇಳಾಪಟ್ಟಿ ಎಲ್ಲರದೂ ಆಗುತ್ತದೆ. ತರಬೇತಿಗೆ ಕಳುಹಿಸುವಾಗ ತರಗತಿಗೆ ಬದಲಿ ಶಿಕ್ಷಕರನ್ನು ನೇಮಿಸಿರಿ. ಇಲ್ಲದಿದ್ದರೆ ಪ್ರೋತ್ಸಾಹವೇ ಹೊರೆಯಾಗುತ್ತದೆ.

‘ತಿಂಗಳ ಉತ್ತಮ ಶಿಕ್ಷಕ’ ಎಂಬ ಗೌರವವನ್ನು ಸರದಿಯಂತೆ ಹಂಚಬೇಡಿರಿ. ಮಾನದಂಡವನ್ನು ಮೊದಲೇ ಪ್ರಕಟಿಸಿ, ಅರ್ಹರಿಲ್ಲದ ತಿಂಗಳು ಅದನ್ನು ಖಾಲಿ ಬಿಡಿರಿ.